ಪುರಿ ಗಾಡಿಯ ಪಾಸಿಂಗ್

ನಮ್ಮ ಊರಿನಲ್ಲಿ ಗಾಡಿ ಪಾಸಿಂಗ್ ಎಂದರೆ ಹೆಣ್ಣು ನೋಡುವ ಶಾಸ್ತ್ರ ಇದ್ದ ಹಾಗೆ, ಮನೆಯವರಿಗಿಂತ ಬೀದಿಯವರಿಗೇ ಆತುರ ಹೆಚ್ಚು. ನಂಬರಿಲ್ಲದ ಗಾಡಿಯನ್ನು ಕೆರೆಯ ಹಿಂದಿನ ಮೈದಾನಕ್ಕೆ ತಂದು ನಿಲ್ಲಿಸಬೇಕು. ಬ್ರೇಕ್ ಇನ್ಸ್‌ಪೆಕ್ಟರ್ ಚೆಲುವರಾಜಯ್ಯನವರು ಬಂದು ಲೈಟು, ಹಾರನ್ನು, ಬ್ರೇಕು ನೋಡುತ್ತಾರೆ. ಅಷ್ಟನ್ನು ಬೇರೆ ಊರುಗಳಲ್ಲೂ ನೋಡುತ್ತಾರಂತೆ. ಆಮೇಲೆ ಎಲ್ಲರನ್ನೂ ದೂರ ಸರಿಸಿ, ಎಂಜಿನ್ ಚಾಲೂ ಮಾಡಿ, ಹ್ಯಾಂಡ್‌ಬ್ರೇಕ್ ಇಳಿಸಿ ತಾವೂ ಪಕ್ಕಕ್ಕೆ ಬರುತ್ತಾರೆ. ಗಾಡಿ ತಾನಾಗಿ ಹೊರಡುತ್ತದೆ. ಅದು ಯಾರದೋ ಅವರನ್ನು ಹುಡುಕಿಕೊಂಡು ಹೋಗಿ ಎದುರಿಗೆ ನಿಲ್ಲುತ್ತದೆ. ಅವರ ಹೆಸರಿಗೆ ನಂಬರು ಬೀಳುತ್ತದೆ. ಕೊಂಡವರು ಯಾರು, ಕೊಟ್ಟವರು ಯಾರು ಎಂದು ಯಾರೂ ಕೇಳುವುದಿಲ್ಲ.

ಇದರಿಂದ ಆದ ರಂಪಗಳು ಒಂದೆರಡಲ್ಲ. ಆಸ್ಪತ್ರೆಯ ಡಾಕ್ಟರು ತರಿಸಿದ ಜೀಪು ನೆಟ್ಟಗೆ ಕಾಂಪೌಂಡರ್ ಮನೆಗೆ ಹೋಗಿ ನಿಂತಿತು. ಪಾಪದ ಕಾಂಪೌಂಡರು ಅಂಗೈಯಲ್ಲಿ ಅನ್ನ ಹಿಡಿದುಕೊಂಡೇ ಹೊರಗೆ ಬಂದ. ಅಳಿಯನಿಗೆಂದು ಕೊಡಿಸಿದ ಮೋಟಾರ್ ಸೈಕಲ್ಲು ಊರಿಡೀ ನೋಡುತ್ತಿರುವಾಗ ಮಾವನ ಕಾಲಬುಡಕ್ಕೇ ವಾಪಸ್ಸು ಬಂತು. ಆ ಅಳಿಯ ಈಗಲೂ ಹಬ್ಬಕ್ಕೆ ಬಂದರೆ ಮುಖ ಗಂಟಿಕ್ಕಿಕೊಂಡೇ ಹೋಳಿಗೆ ತಿನ್ನುತ್ತಾನೆ. ಹಾಗಾಗಿ ನಮ್ಮೂರಿನವರು ಹೊಸ ಗಾಡಿ ತಂದರೆ ಪಾಸಿಂಗ್ ಆಗುವ ತನಕ ಅದರಲ್ಲೇ ಮಲಗುತ್ತಾರೆ, ಕಾಫಿಯನ್ನೂ ಅಲ್ಲೇ ಕುಡಿಯುತ್ತಾರೆ, ಸೀಟಿಗೆ ತಮ್ಮ ಹಳೆಯ ಪಂಚೆ ಹೊದಿಸುತ್ತಾರೆ. ಗಾಡಿ ಮಾರಿದವರು ಅದರ ಕಣ್ಣಿಗೆ ಬೀಳದ ಹಾಗೆ ಆ ದಿನ ಬಾಗಿಲು ಹಾಕಿಕೊಂಡು ಒಳಗೇ ಕೂರುತ್ತಾರೆ. ಗಾಡಿ ತಂದವರೆಲ್ಲ ಅದು ತಮ್ಮ ಹತ್ತಿರವೇ ಬರಲಿ ಎಂದು ದೇವರಿಗೆ ಕೈ ಮುಗಿದರೆ, ಬರಬೇಡ ಎಂದು ಕೈ ಮುಗಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

ನನ್ನದು ಪುರಿ ಭಟ್ಟಿ. ಕಡಲೆಪುರಿ ಚಿಕ್ಕತಾಯಿ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಪುರಿ ಮೂಟೆ ಸಾಗಿಸಲೆಂದು ಗಾಡಿ ಕಟ್ಟಿದವನು ನನ್ನ ಗಂಡ ಬೆಟ್ಟಸ್ವಾಮಿ. ಅವನು ಇದ್ದಾಗ ಅವನ ಹೆಸರು ನನ್ನ ಬಾಯಲ್ಲಿ ಬರುತ್ತಿರಲಿಲ್ಲ. ಹೋದ ಮೇಲೆ ಹೊತ್ತುಹೊತ್ತಿಗೂ ಹೇಳುತ್ತೇನೆ, ಎಲ್ಲಿದ್ದರೂ ಬಿಕ್ಕಳಿಸಿ ಸಾಯಲಿ ಎಂದು. ಸಾಯಲಿ ಎನ್ನುವುದು ಬರೀ ಮಾತಿಗೆ. ಅವನದು ವೆಲ್ಡಿಂಗ್ ಕೆಲಸ. ನಾನು ಪುರಿ ಮೂಟೆ ತಲೆಯ ಮೇಲೆ ಹೊತ್ತು ಸಂತೆಗೆ ಹೋಗುವುದನ್ನು ನೋಡಲಾರದೆ ಗಾಡಿ ಕಟ್ಟಲು ಕೂತ. ಪುರಿ ಮೂಟೆಗೆ ಭಾರವಿಲ್ಲ, ಆದರೆ ಗಾಳಿ ಬೀಸಿದರೆ ಹೊತ್ತವಳನ್ನೂ ಸೇರಿಸಿ ಹಾರಿಸಿಕೊಂಡು ಹೋಗುತ್ತದೆ. ಹಳೆಯ ಸ್ಕೂಟರಿನ ಮುಂಭಾಗ, ಹೊಲದ ಪಂಪಿನ ಎಂಜಿನ್ನು, ಯಾರೋ ಬಿಸಾಕಿದ ಜೀಪಿನ ಹಿಂದಿನ ಚಕ್ರಗಳು, ಪೈಪು ಬೆಸೆದು ಮಾಡಿದ ಎತ್ತರದ ತೊಟ್ಟಿ. ನೋಡಲು ಒಂಟೆಗೆ ಚಕ್ರ ಕಟ್ಟಿದಂತಿತ್ತು. ನನಗೆ ಮಾತ್ರ ಅದಕ್ಕಿಂತ ಚೆಂದದ ಗಾಡಿ ಇನ್ನೊಂದಿಲ್ಲ ಅನ್ನಿಸುತ್ತಿತ್ತು.

ಬ್ರೇಕಿನ ಡ್ರಮ್ಮೊಂದು ನಮ್ಮೂರಲ್ಲಿ ಸಿಗಲಿಲ್ಲ. ಅದಿಲ್ಲದೆ ಪಾಸಿಂಗ್ ಆಗುವುದಿಲ್ಲ. ದೊಡ್ಡ ಊರಿನ ಗುಜರಿಯಲ್ಲಿ ಹುಡುಕುತ್ತೇನೆಂದು ಹೊರಟ. ಬ್ರೇಕಿಲ್ಲದ ಗಾಡಿಯಲ್ಲೇ ಮೆಲ್ಲಗೆ, ನನ್ನನ್ನು ಹಿಂದೆ ತೊಟ್ಟಿಯಲ್ಲಿ ಕೂರಿಸಿಕೊಂಡು ಊರಾಚೆಯ ಹಳೆಯ ಸುಂಕದ ಗೇಟಿನವರೆಗೆ ಬಂದ. ಅಲ್ಲಿ ಲಾರಿಗಳು ನಿಲ್ಲುತ್ತವೆ. "ನಾಳಿದ್ದು ಬತ್ತೀನಿ. ಭತ್ತ ನೆನೆ ಹಾಕಿರು" ಎಂದ. ಲಾರಿ ಹತ್ತಿ, ಬಾಗಿಲು ಎಳೆದುಕೊಂಡ. ಗಾಡಿಯನ್ನು ಮೆಕ್ಯಾನಿಕ್ ಇಸ್ಮಾಯಿಲ್ ಸಾಬರು ತಳ್ಳಿಸಿಕೊಂಡು ಬಂದು ನಮ್ಮ ಮನೆ ಮುಂದೆ ನಿಲ್ಲಿಸಿದರು. ನಾನು ಭತ್ತ ನೆನೆ ಹಾಕಿದೆ. ಆ ಭತ್ತ ಪುರಿಯಾಗಿ, ಮಾರಿ, ಮತ್ತೆ ನೆನೆ ಹಾಕಿ, ಹೀಗೆ ವರ್ಷಗಳೇ ಹೋದವು. ಅವನು ಬರಲಿಲ್ಲ.

ಹುಡುಕದೆ ಬಿಡಲಿಲ್ಲ. ಆ ಗುಜರಿ ಸಾಲಿನಲ್ಲಿ ಅಂಗಡಿ ಅಂಗಡಿಗೂ ಹೋಗಿ ಕೇಳಿದೆವು. ಅವನಂಥವನನ್ನು ನೋಡಿದವರು ಒಬ್ಬರೂ ಇಲ್ಲ. ಲಾರಿ ಉರುಳಿತಂತೆ ಎಂದರು ಕೆಲವರು. ಆ ದಿನ ಯಾವ ಲಾರಿಯೂ ಉರುಳಿರಲಿಲ್ಲ. ಎಲ್ಲೋ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಒಬ್ಬಳು ನನ್ನ ಭಟ್ಟಿಯ ಮುಂದೆಯೇ ನಿಂತು ಹೇಳಿದಳು. ಕಾದ ಮರಳಿನ ಸೌಟು ನನ್ನ ಕೈಯಲ್ಲೇ ಇತ್ತು. ಅವಳ ಪುಣ್ಯ, ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ನನ್ನ ಅತ್ತೆ ದೇವೀರಮ್ಮ ಮಗನ ವಿಚಾರ ಮಾತಾಡುವುದೇ ಇಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆಗೆದವರು ಬೀದಿಯ ಆ ತುದಿ ಒಂದು ಸಲ, ಈ ತುದಿ ಒಂದು ಸಲ ನೋಡಿ ಆಮೇಲೆ ನೀರು ಚೆಲ್ಲುತ್ತಾರೆ. ಮಾತು ಅಷ್ಟೇ.

ಹೀಗಿರುವಾಗ ಸೋಡಾ ಅಂಗಡಿ ರುದ್ರಯ್ಯನ ಮಿನಿ ಲಾರಿ ಪಾಸಿಂಗಿಗೆ ಬಂತು. ಅದು ಮೈದಾನ ಬಿಟ್ಟಿದ್ದು ಊರಿನೊಳಗೆ ಬರಲೇ ಇಲ್ಲ. ಗೇಟು ದಾಟಿ, ಘಾಟಿ ಏರಿ, ಕಣ್ಮರೆಯಾಯಿತು. ಗಾಡಿ ಎಲ್ಲಿಗೆ ಹೋದರೂ ಹಿಂದೆ ಹೋಗುವುದು ಇನ್ಸ್‌ಪೆಕ್ಟರ ಕೆಲಸ. ಅದಕ್ಕೇ ಅವರು ತಮ್ಮ ಮೊಪೆಡ್ಡಿಗೆ ಒಂದು ಹಾಸಿಗೆ ಸುರುಳಿ, ಒಂದು ಟಿಫನ್ ಕ್ಯಾರಿಯರ್ರು ಕಟ್ಟಿಕೊಂಡೇ ಮೈದಾನಕ್ಕೆ ಬರುವುದು. ಎಷ್ಟೋ ದಿನಗಳಾದ ಮೇಲೆ ತಿರುಗಿ ಬಂದರು. ಜೊತೆಗೆ ರುದ್ರಯ್ಯನ ಅಣ್ಣ ಬಂದ. ಚಿಕ್ಕಂದಿನಲ್ಲೇ ಮನೆ ಬಿಟ್ಟು ಓಡಿಹೋದವನು, ಯಾವುದೋ ಊರಲ್ಲಿ ಇಡ್ಲಿ ಹೋಟೆಲು ಇಟ್ಟುಕೊಂಡಿದ್ದನಂತೆ. ಸೋಡಾ ಅಂಗಡಿ ಅಪ್ಪನ ಕಾಲದ್ದು, ಲಾರಿಗೆ ಹಾಕಿದ್ದೂ ಅಂಗಡಿಯ ದುಡ್ಡೇ. ಲಾರಿ ಹಿರಿಯನನ್ನು ಹುಡುಕಿಕೊಂಡು ಹೋಗಿತ್ತು. ಸುದ್ದಿ ಕೇಳಿದಾಗ ನಾನು ಪುರಿ ಹುರಿಯುತ್ತಿದ್ದೆ. ಬಾಣಲೆ ಒಲೆಯ ಮೇಲೇ ಬಿಟ್ಟು ಇನ್ಸ್‌ಪೆಕ್ಟರ ಮನೆಗೆ ಓಡಿದೆ. ತಿರುಗಿ ಬಂದಾಗ ಪುರಿ ಪೂರಾ ಇದ್ದಿಲಾಗಿತ್ತು, ಅತ್ತೆ ಬಯ್ಯಲಿಲ್ಲ.

ಚೆಲುವರಾಜಯ್ಯನವರು ಜಗಲಿಯಲ್ಲಿ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಏನಮ್ಮ, ಕೊನೇಗೂ ಪಾಸಿಂಗ್ ಮಾಡಿಸ್ತೀಯಾ? ಸಂತೆಗೆ ಮೂಟೆ ಹೊತ್ತು ಸಾಕಾಯ್ತಾ?" ಎಂದರು.

"ಸಂತೆ ಹಾಳಾಗ್ಲಿ ಸಾರ್. ಗಾಡಿ ನಮ್ಮನೆಯೋರ ತಾವ ಹೋಯ್ತದಾ, ಅದನ್ನ ಹೇಳಿ."

ಅವರು ಎಣ್ಣೆಯ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದರು. "ಅವ್ನದೇ ಆಗಿದ್ರೆ ಎಲ್ಲಿದ್ರೂ ಹೋಗ್ತದೆ ಕಣಮ್ಮ. ನನ್ನ ಸೊಂಟದ ಗತಿ ದೇವ್ರೇ ಬಲ್ಲ, ನಾನೂ ಹೋಗ್ತೀನಿ. ಆದ್ರೆ ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಸತ್ತವ್ರ ಹತ್ರ ಗಾಡಿ ಹೋಗಲ್ಲ. ಬದುಕಿದ್ರೂ, ನಂಗೆ ಬೇಡ ಅಂತ ಮನಸಾರೆ ಬಿಟ್ಟವ್ರ ಹತ್ರಾನೂ ಹೋಗಲ್ಲ. ಯಾವ ಕಾರಣಕ್ಕೆ ಹೋಗ್ಲಿಲ್ಲ ಅಂತ ಗಾಡಿ ಹೇಳಲ್ಲ. ನಂಗೂ ಗೊತ್ತಾಗಲ್ಲ."

ಇದನ್ನು ಬಂದು ಅತ್ತೆಗೆ ಒಂದೂ ಬಿಡದೆ ಹೇಳಿದೆ. ಅವರು ಕೇಳಿಸಿಕೊಂಡು, "ಬ್ರೇಕ್ ಹಾಕ್ಸು" ಎಂದರು.

ಅಷ್ಟಕ್ಕೂ ಗಾಡಿ ನನ್ನದಾಗದ ಹಾಗೆ ನಾನು ಮೊದಲಿನಿಂದಲೂ ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದೆ. ಡ್ರೈವರ್ ಸೀಟಿನಲ್ಲಿ ಒಂದು ದಿನವೂ ಕೂತಿರಲಿಲ್ಲ. ಹ್ಯಾಂಡಲ್ಲಿಗೆ ಕೈ ತಾಗಿಸಿರಲಿಲ್ಲ. ಸೀಟಿನ ಮೇಲೆ ಅವನ ಟವೆಲ್ಲು ಹಾಸಿದ್ದೆ, ಒಗೆಯದೆ. ಎಂಜಿನ್ನು ಆಗಾಗ ಚಾಲೂ ಮಾಡದಿದ್ದರೆ ಹಿಡಿದುಕೊಳ್ಳುತ್ತದೆ ಎಂದು ಇಸ್ಮಾಯಿಲ್ ಸಾಬರು ಬರುತ್ತಿದ್ದರು. ಅವರನ್ನೂ ಹಾಗೇ ಹತ್ತಲು ಬಿಡುತ್ತಿರಲಿಲ್ಲ. ಅವನ ಅಂಗಿ ತೊಡಿಸುತ್ತಿದ್ದೆ. ಸಾಬರದು ಹೊಟ್ಟೆ ದೊಡ್ಡದು, ಬೆಟ್ಟಸ್ವಾಮಿ ಕಡ್ಡಿ. "ಗುಂಡಿ ಹಾಕ್ಲೇಬೇಕಾ ತಂಗೀ?" ಎಂದು ಕೇಳುತ್ತಿದ್ದರು. "ಹಾಕ್ಲೇಬೇಕು ಅಣ್ಣ, ಗಾಡಿಗೆ ಗುರ್ತು ಸಿಗ್ಬೇಕು" ಎನ್ನುತ್ತಿದ್ದೆ. ಅವರು ಉಸಿರು ಒಳಗೆ ಎಳೆದುಕೊಂಡು ಗುಂಡಿ ಹಾಕಿ, ಮುಖ ಕೆಂಪಾಗುವ ತನಕ ಎಂಜಿನ್ ಓಡಿಸಿ ಇಳಿಯುತ್ತಿದ್ದರು. ಬೀದಿಯವರು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು, ಆದರೆ ಆ ಅಂಗಿಯ ಬೆನ್ನು ಹಿಂದಿನಿಂದ ನೋಡುವಾಗ ಕಣ್ಣು ತುಂಬಿಬಿಡುತ್ತಿತ್ತು.

ಮಧ್ಯಾಹ್ನ ಭಟ್ಟಿ ಆರಿದ ಮೇಲೆ ನಾನು ಹಿಂದೆ ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದೆ. ಅದು ಸವಾರಿಯ ಜಾಗವಲ್ಲವಲ್ಲ, ಕೂತರೆ ತಪ್ಪಿಲ್ಲ ಎಂದುಕೊಂಡಿದ್ದೆ. ಜರಡಿ ಹಿಡಿದು ಪುರಿಯಿಂದ ಮರಳು ಸೋಸುತ್ತಾ ಅವನನ್ನು ಬಯ್ಯುತ್ತಿದ್ದೆ. ಇವತ್ತು ಏನು ಅಡಿಗೆ, ಅತ್ತೆಯ ಮಂಡಿನೋವು ಹೇಗಿದೆ, ಭತ್ತ ಎಷ್ಟು ಜೊಳ್ಳು ಬಂತು, ಎಲ್ಲ ಹೇಳುತ್ತಿದ್ದೆ. ಗಾಡಿಗೆ ಹೇಳುತ್ತಿದ್ದೇನೆ ಎಂದು ನನಗೆ ಅನ್ನಿಸಿರಲಿಲ್ಲ. ಅವನಿಗೇ ಹೇಳುತ್ತಿದ್ದೆ.

ಪಾಸಿಂಗ್ ದಿನ ಬೆಳಿಗ್ಗೆ ಅತ್ತೆ ನನಗಿಂತ ಮೊದಲು ಎದ್ದಿದ್ದರು. ಹುರುಳಿಕಾಳು ಬಸಿದು ಖಾರ ರುಬ್ಬುತ್ತಿದ್ದರು. ಹುರುಳಿ ಬಸ್ಸಾರೆಂದರೆ ಅವನಿಗೆ ಪ್ರಾಣ. ನಾನು ದಾರಿಗೆಂದು ರೊಟ್ಟಿ ಕಟ್ಟಿಕೊಂಡೆ. ಅವನದೊಂದು ಒಗೆದ ಪಂಚೆಯನ್ನೂ ಗಂಟಿನಲ್ಲಿ ಇಟ್ಟುಕೊಂಡೆ. ಎಲ್ಲಿ, ಯಾವ ಸ್ಥಿತಿಯಲ್ಲಿ ಇರುತ್ತಾನೋ ಯಾರಿಗೆ ಗೊತ್ತು. "ನೀವೂ ಬನ್ನಿ ಅತ್ತೆ" ಎಂದೆ. "ನಾನ್ಯಾಕೆ ಬರ್ಲಿ. ಅವ್ನು ಬಂದಾಗ ಮನೇಲಿ ಯಾರಾದ್ರೂ ಇರ್ಬೇಕಲ್ಲ" ಎಂದರು. ಅವರು ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮೈದಾನದಲ್ಲಿ ಜನ ಜಾತ್ರೆ. ಗಾಡಿ ನನ್ನ ಹೆಸರಿಗೇ ಆಗುತ್ತದೆ ಎಂದು ಅವರಿಗೆಲ್ಲ ಖಾತ್ರಿ. ಗಂಡ ಬಿಟ್ಟುಹೋದವಳಿಗೆ ಒಳ್ಳೆಯದಾಗಲಿ ಎಂದು ಹರಸಲು ಬಂದಿದ್ದರು, ಪಾಪ. ಇಸ್ಮಾಯಿಲ್ ಸಾಬರು ಎಲ್ಲಿಂದಲೋ ಹೊಂದಿಸಿ ತಂದ ಡ್ರಮ್ಮು ಹಾಕಿದ್ದರು. ಚೆಲುವರಾಜಯ್ಯನವರು ಬ್ರೇಕು ತುಳಿದು ನೋಡಿದರು, ಹಿಡಿಯಿತು. ಲೈಟು ಉರಿಯಿತು. ಹಾರನ್ನು ಕರು ಕೂಗಿದ ಹಾಗೆ ಕೂಗಿತು, ಜನ ನಕ್ಕರು. ಆಮೇಲೆ ಅವರು ಎಲ್ಲರನ್ನೂ ಹಿಂದಕ್ಕೆ ಕಳುಹಿಸಿದರು. ನಾನು ಎಲ್ಲರಿಗಿಂತ ಹಿಂದೆ, ಬೇಲಿಯ ಮರೆಗೆ ಹೋಗಿ ನಿಂತೆ. ಗಾಡಿಯ ಕಣ್ಣಿಗೆ ಬೀಳಬಾರದು ಎಂದು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ಹ್ಯಾಂಡ್‌ಬ್ರೇಕ್ ಇಳಿಯಿತು. ಗಾಡಿ ಸ್ವಲ್ಪ ಹೊತ್ತು ನಡುಗುತ್ತಾ ನಿಂತಿತ್ತು. ಆಮೇಲೆ ಮೆಲ್ಲಗೆ ಹೊರಟು ಮೈದಾನದ ಬಾಯಿಗೆ ಬಂತು. ಅಲ್ಲಿ ಎಡಕ್ಕೆ ತಿರುಗಿದರೆ ಊರು, ಬಲಕ್ಕೆ ತಿರುಗಿದರೆ ಸುಂಕದ ಗೇಟಿನ ರಸ್ತೆ. ಗಾಡಿ ಬಲಕ್ಕೆ ತಿರುಗಿತು.

ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಬದುಕಿದ್ದಾನೆ ಎಂದುಕೊಂಡೆ. ಬದುಕಿದ್ದಾನೆ, ನಮ್ಮನ್ನು ಬಿಟ್ಟಿಲ್ಲ. ಓಡಿಹೋಗಿ ಚೆಲುವರಾಜಯ್ಯನವರ ಮೊಪೆಡ್ಡಿನ ಮೇಲೆ ಹಾಸಿಗೆ ಸುರುಳಿಯನ್ನು ಒತ್ತರಿಸಿ ಕೂತೆ. "ಅರ್ಜಿದಾರರು ಹತ್ತೋ ಹಾಗಿಲ್ಲಮ್ಮ" ಎಂದವರು ನನ್ನ ಮುಖ ನೋಡಿ ಸುಮ್ಮನೆ ಪೆಡಲ್ ತುಳಿದರು. ಮುಂದೆ ಗಾಡಿ, ಹಿಂದೆ ನಾವು. ಖಾಲಿ ಸೀಟಿನ ಮೇಲೆ ಅವನ ಟವೆಲ್ಲು ಗಾಳಿಗೆ ಅಲ್ಲಾಡುತ್ತಿತ್ತು. ಅವನನ್ನು ನೋಡಿದ ಕೂಡಲೇ ಮೊದಲು ಹೊಡೆಯಬೇಕೋ ಅಳಬೇಕೋ ಎಂದು ಯೋಚಿಸಿದೆ. ಹೊಡೆಯುವುದು ಎಂದು ತೀರ್ಮಾನವಾಯಿತು. ಅವನ ಕೂದಲು ನರೆತಿರುತ್ತದೆ, ನಾನೂ ಮೊದಲಿನ ಹಾಗಿಲ್ಲ, ಗುರುತು ಹಿಡಿಯುತ್ತಾನೋ ಇಲ್ಲವೋ ಎಂದು ಕೂತಲ್ಲೇ ಕೂದಲು ಸರಿಮಾಡಿಕೊಂಡೆ. ನಾಚಿಕೆಯಾಯಿತು, ಆದರೂ ಸರಿಮಾಡಿಕೊಂಡೆ.

ಸುಂಕದ ಗೇಟಿನ ಹತ್ತಿರ ಗಾಡಿ ನಿಂತಿತು. ಅವನು ಲಾರಿ ಹತ್ತಿದ ಜಾಗದಲ್ಲೇ, ರಸ್ತೆಯ ಅಂಚಿಗೆ ಸರಿದು ನಿಂತಿತು. ಎಂಜಿನ್ನು ಓಡುತ್ತಲೇ ಇತ್ತು. ಚೆಲುವರಾಜಯ್ಯನವರು ಮೊಪೆಡ್ಡು ನಿಲ್ಲಿಸಿದರು. ನಾನು ಇಳಿದು ಸ್ವಲ್ಪ ದೂರದಲ್ಲಿ ನಿಂತೆ. ಲಾರಿಗಳು ಬಂದವು, ಹೋದವು. ಗಾಡಿ ಪ್ರತಿ ಲಾರಿಗೂ ಒಂದಿಷ್ಟು ಮುಂದಕ್ಕೆ ಜರುಗಿ ಮತ್ತೆ ನಿಲ್ಲುತ್ತಿತ್ತು. "ಹೋಗು" ಎಂದು ಮೆಲ್ಲಗೆ ಹೇಳಿದೆ. "ಹೋಗಪ್ಪ, ದಾರಿ ನೆಟ್ಟಗಿದೆ." ಬಿಸಿಲು ಏರಿತು. ಇನ್ಸ್‌ಪೆಕ್ಟರು ಟಿಫನ್ ಕ್ಯಾರಿಯರ್ ಬಿಚ್ಚಿ, ತಿನ್ನಲು ಮನಸ್ಸಾಗದೆ ಮತ್ತೆ ಮುಚ್ಚಿದರು.

ಕೊನೆಗೆ ಗಾಡಿ ತಿರುಗಿತು. ನನ್ನ ಕಡೆಗೆ ಬರತೊಡಗಿತು. ನಾನು ಹಿಂದೆ ಹಿಂದೆ ಹೋದೆ. "ಬರ್ಬೇಡ, ನಾನಲ್ಲ, ಬರ್ಬೇಡ" ಎಂದೆ. ಎಲ್ಲ ಗಾಡಿಗಳೂ ತಮ್ಮವರ ಎದುರಿಗೆ ಬಂದು ಮುಂದಿನ ಚಕ್ರ ತಾಗಿಸಿ ನಿಲ್ಲುತ್ತವೆ. ಇದು ಹತ್ತಿರ ಬಂದದ್ದು ಅರ್ಧ ಸುತ್ತು ತಿರುಗಿ, ಹಿಂಬದಿಯನ್ನು ನನ್ನ ಕಡೆಗೆ ಮಾಡಿ, ತೊಟ್ಟಿಯ ಅಂಚನ್ನು ನನ್ನ ಮಂಡಿಗೆ ತಾಗಿಸಿ ನಿಂತಿತು. ನಾನು ಕೂತೂ ಕೂತೂ ಬಣ್ಣ ಹೋಗಿ ನುಣ್ಣಗಾದ ಜಾಗ ಸರಿಯಾಗಿ ನನ್ನ ಎದುರಿಗೆ ಬಂತು. ಎಂಜಿನ್ನು ತಾನಾಗಿ ನಿಂತಿತು.

ಸೀಟನ್ನು ಅವನಿಗೆ ಕಾಯ್ದಿಟ್ಟುಕೊಂಡು ಕೂತೆ, ಅಷ್ಟರಲ್ಲಿ ಹಿಂದಿನ ತೊಟ್ಟಿಯ ಕಡೆಯಿಂದ ಗಾಡಿಗೆ ಗಾಡಿಯೇ ನನ್ನದಾಗಿ ಹೋಗಿತ್ತು. ವರ್ಷಗಳ ಮಾತನ್ನೆಲ್ಲ ಅಲ್ಲಿ ಸುರಿದವಳು ನಾನೇ. ಇದಕ್ಕಿಂತ ಪೆದ್ದು ಕೆಲಸ ನಮ್ಮೂರಿನಲ್ಲಿ ಇನ್ಯಾರೂ ಮಾಡಿರಲಿಕ್ಕಿಲ್ಲ.

"ನಿನ್ದೇ ಕಣಮ್ಮ" ಎಂದರು ಚೆಲುವರಾಜಯ್ಯನವರು.

"ಇನ್ನೊಂದ್ ಸಲ ಬಿಟ್ಟು ನೋಡಿ ಸಾರ್. ಅದಕ್ಕೆ ದಾರಿ ತಪ್ಪಿರ್ಬೇಕು."

"ಅವ್ನದಾಗಿದ್ರೆ ನೀನು ಅಡ್ಡ ಮಲಗಿದ್ರೂ ದಾಟ್ಕೊಂಡು ಹೋಗ್ತಿತ್ತು. ಹೋಗೋಕೆ ಅಲ್ಲಿ ಯಾರೂ ಇಲ್ಲಮ್ಮ. ಇಲ್ಲ ಅಂದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಆ ಗೇಟಿನ ಕಲ್ಲಿಗೆ ಒರಗಿ, ಲಾರಿಯವರು ನಿಲ್ಲಿಸಿ ನೋಡುವ ಹಾಗೆ ಅತ್ತುಬಿಟ್ಟೆ. ಅವರು ಮೊಪೆಡ್ಡಿನ ನೆರಳಿನಲ್ಲಿ ಕೂತು, ನಾನು ಮುಗಿಸುವ ತನಕ ಕಾದರು. ಆಮೇಲೆ ಚೀಲದಿಂದ ಬಣ್ಣದ ಡಬ್ಬಿ ತೆಗೆದು, ಪದ್ಧತಿಯಂತೆ ಗಾಡಿ ನಿಂತ ಜಾಗದಲ್ಲೇ ನಂಬರು ಬರೆದರು. "ಹೆಸರು?" ಎಂದು ಕೇಳಿದರು. ನಮ್ಮೂರಿನವರೆಲ್ಲ ನನ್ನನ್ನು ಬಲ್ಲವರೇ, ಆದರೂ ಕೇಳಬೇಕು. "ಚಿಕ್ಕತಾಯಿ" ಎಂದೆ.

ನಂಬರು ಬಿದ್ದ ಗಾಡಿ ತಾನಾಗಿ ನಡೆಯುವುದಿಲ್ಲ, ಓಡಿಸಬೇಕು. ಚೆಲುವರಾಜಯ್ಯನವರು ಹೇಳಿಕೊಟ್ಟ ಹಾಗೆ ನಾನೇ ಮೆಲ್ಲಗೆ ಓಡಿಸಿಕೊಂಡು ಬಂದೆ. ಮೈದಾನದ ಹತ್ತಿರ ಜನ ಚಪ್ಪಾಳೆ ತಟ್ಟಿದರು, ಯಾರೋ ಹೂವು ಎಸೆದರು. ಇಸ್ಮಾಯಿಲ್ ಸಾಬರು ಮಾತ್ರ ತಲೆ ತಗ್ಗಿಸಿಕೊಂಡು ನಿಂತಿದ್ದರು. ಯಾರ ಮೇಲೂ ನನಗೆ ಸಿಟ್ಟು ಬರಲಿಲ್ಲ. ಮನೆಗೆ ಹೋಗಿ ಅತ್ತೆಗೆ ಏನು ಹೇಳಲಿ ಎನ್ನುವುದೊಂದೇ ತಲೆಯಲ್ಲಿತ್ತು.

ಅತ್ತೆ ಎಂಜಿನ್ ಸದ್ದು ಕೇಳಿ ಒದ್ದೆ ಕೈಯಲ್ಲೇ ಬೀದಿಗೆ ಬಂದಿದ್ದರು. ಸೀಟಿನ ಮೇಲೆ ನನ್ನನ್ನು ಕಂಡರು. ಪಕ್ಕದಲ್ಲಿ ಯಾರೂ ಇಲ್ಲದ್ದನ್ನು ಕಂಡರು. ತೊಟ್ಟಿಯೊಳಗೂ ಇಣುಕಿ ನೋಡಿದರು. ನಾನು ಇಳಿದೆ. ಇಬ್ಬರೂ ಜಗಲಿಯ ಮೇಲೆ ಕೂತೆವು.

"ಅವ್ನ ತಾವ ಹೋಗ್ನಿಲ್ವಾ?"

"ಗೇಟ್ ಗಂಟ ಹೋಯ್ತು ಅತ್ತೆ. ಆಮೇಲೆ ತಿರಿಕ್ಕಂಡು ಬಂತು."

ಅವರು ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. "ಅಂಗಾರೆ ಇನಿಸ್ಪೆಟ್ರು ಹೇಳಿದ್ ಎರಡ್ರಲ್ಲಿ ಒಂದು" ಎಂದರು.

"ಊಂ ಅತ್ತೆ."

"ಯಾವ್ದು ಅಂತ ಗೊತ್ತಾಗಕಿಲ್ವಾ?"

"ಇಲ್ಲ."

ಅತ್ತೆ ಬೀದಿಯ ಕಡೆ ನೋಡಲಿಲ್ಲ. ನೆಲ ನೋಡುತ್ತಾ ಹೇಳಿದರು. "ಬುಟ್ಟೇ ಹೋಗಿರ್ಲಿ ಕನವ್ವ. ನಮ್ಮಿಬ್ರನ್ನೂ ಬ್ಯಾಡ ಅಂದಿರ್ಲಿ. ಇನ್ನೊಬ್ಳನ್ನ ಕಟ್ಕಂಡು ಮಕ್ಕಳು ಮರಿ ಮಾಡ್ಕಂಡಿರ್ಲಿ. ಹೆತ್ತೋಳೊಬ್ಬಳವ್ಳೆ ಅನ್ನೋದ್ನೂ ಮರ್ತು, ಎಲ್ಲಾದ್ರೂ ಬದ್ಕಿರ್ಲಿ, ಉಂಡ್ಕಂಡು ಚೆಂದಾಗಿರ್ಲಿ."

ಈ ಮಾತನ್ನು ಬೇರೆ ಯಾರು ಆಡಿದ್ದರೂ ನಾನು ಅವರ ಜುಟ್ಟು ಹಿಡಿಯುತ್ತಿದ್ದೆ. ಅವಳ್ಯಾರೋ ಇನ್ನೊಬ್ಬಳನ್ನು ನೆನೆದುಕೊಂಡು ನಾನು ನಿದ್ದೆಗೆಟ್ಟ ದಿನಗಳಿಗೆ ಲೆಕ್ಕವಿಲ್ಲ. ಅತ್ತೆಯ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. "ಊಂ ಅತ್ತೆ, ಮರ್ತೇ ಹೋಗಿರ್ಲಿ" ಎಂದೆ, ಬಾಯಿಬಿಟ್ಟು, ದೇವರಿಗೂ ಕೇಳುವ ಹಾಗೆ.